ಹುಷಾರು ಎನ್ನುವ ಮೊದಲು

ನಮ್ಮ ಬೀದಿಯಲ್ಲಿ ಕೆಟ್ಟವರು ಕಡಿಮೆ, ಒಳ್ಳೆಯವರೇ ಹೆಚ್ಚು. ನನ್ನ ತಂಗಿಯ ಮಗಳ ಓದು ಇನ್ನೇನು ಮುರಿದುಬಿತ್ತು ಎನ್ನುವ ಹಾಗೆ ಆದದ್ದು ಈ ಒಳ್ಳೆಯವರಿಂದಲೇ.

ಇದು ನಿಮ್ಮ ಬೀದಿಯಲ್ಲೂ ನಡೆಯುತ್ತದೆ. ಕೋಲು ಹಿಡಿದ ಒಬ್ಬ ಹುಡುಗಿ ಬಸ್ಸು ಹತ್ತುತ್ತಿದ್ದಾಳೆ ಎನ್ನಿ. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು ಎಂದು ಅವಳಿಗೆ ಅವಳದೇ ಒಂದು ಕ್ರಮ ಇರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ತೋಳು ಹಿಡಿಯುತ್ತಾರೆ. ಮುಂದಿನಿಂದ ಇನ್ನೊಬ್ಬರು ಕೋಲನ್ನೇ ಎಳೆಯುತ್ತಾರೆ. ಕಂಡಕ್ಟರು "ಹುಷಾರು! ಹುಷಾರು!" ಎಂದು ಕೂಗುತ್ತಾನೆ. ಹುಡುಗಿ ಬೀಳುತ್ತಾಳೆ. ಆಗ ಬಸ್ಸಿಗೆ ಬಸ್ಸೇ "ಪಾಪ" ಎನ್ನುತ್ತದೆ. ತಾವು ಹಿಡಿದದ್ದಕ್ಕೇ ಬಿದ್ದಳು ಎಂದು ಒಬ್ಬರಿಗೂ ಹೊಳೆಯುವುದಿಲ್ಲ.

ನಮ್ಮ ಹುಡುಗಿ ಹಾಗೆ ಎಷ್ಟು ಸಲ ಬಿದ್ದಳು ಎಂದು ನಾನು ಲೆಕ್ಕ ಇಟ್ಟಿಲ್ಲ. ನೆನಪು ಇಟ್ಟಿದ್ದೇನೆ.

ಅವಳು ಹುಟ್ಟಿದಾಗ ಕೂಡಲೇ ಅಳಲಿಲ್ಲ. ಉಸಿರು ತಡವಾಯಿತು. ಅಷ್ಟು ಹೊತ್ತು ಮೆದುಳಿಗೆ ಗಾಳಿ ಸಿಗಲಿಲ್ಲ ಎಂದರು ಡಾಕ್ಟರು. ಅದಕ್ಕೇ ಅವಳ ಕೈಕಾಲು ಬಿಗಿ. ಅವು ಅವಳ ಮಾತನ್ನು ಒಮ್ಮೆ ಕೇಳುತ್ತವೆ, ಒಮ್ಮೆ ಕೇಳುವುದಿಲ್ಲ. ಬಾಯಿಂದ ಮಾತು ಎಳೆದೆಳೆದು ಬರುತ್ತದೆ. ತಲೆ ಮಾತ್ರ ಬಹಳ ಚುರುಕು. ಮಾತು ಕಲಿತಾಗಿನಿಂದ ಅವಳದು ಒಂದೇ ಪ್ರಶ್ನೆ, "ಯಾಕೆ?" ನಾಯಿ ಯಾಕೆ ಸುತ್ತು ಹಾಕಿ ಮಲಗುತ್ತೆ? ಇಸ್ತ್ರಿ ಮಾಡಿದ ಬಟ್ಟೆ ಯಾಕೆ ಮತ್ತೆ ಸುಕ್ಕಾಗುತ್ತೆ? ಬೀದಿಯವರು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟರು. ನಾನೂ ಹಾಗೇ ಕರೆಯುತ್ತೇನೆ.

ತಂಗಿಯ ಮನೆ ಮೇಲೆ, ನನ್ನ ಇಸ್ತ್ರಿ ಅಂಗಡಿ ಕೆಳಗೆ. ತಂಗಿಯ ಗಂಡ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಒಮ್ಮೆ ಹೋದ ದಾರಿಯನ್ನು ಅವನು ಮರೆಯುವವನಲ್ಲ. ಯಾಕಮ್ಮ ಚಿಕ್ಕವಳಿದ್ದಾಗ ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದ್ದಳು, "ಅಪ್ಪಾ, ದಾರಿ ಇದರೊಳಗೆ ಎಲ್ಲಿದೆ?"

"ತಲೇಲಿ ಎಲ್ಲಿಂದ ಬರುತ್ತಮ್ಮ? ಸ್ಟೇರಿಂಗ್‌ನಲ್ಲಿದೆ" ಎಂದು ಅವನು ನಕ್ಕಿದ್ದ.

ಅವಳು ನಕ್ಕಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಕಾಲೇಜು ಮುಗಿಸಿದಳು, ಎಂ.ಎಸ್ಸಿ. ಮುಗಿಸಿದಳು. ಕೊನೆಗೆ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಲು ಸೀಟು ಪಡೆದಳು. ನರವಿಜ್ಞಾನ ಎಂದರೆ ಮೆದುಳು ಮತ್ತು ನರಗಳ ಓದು.

ಪಕ್ಕದ ಕ್ಷೌರದಂಗಡಿಯವನಿಗೆ ಬಹಳ ಖುಷಿಯಾಯಿತು. "ಒಳ್ಳೇ ಕೆಲಸ ಮಾಡಿದೆ ಬಿಡು. ಇನ್ನು ನಿನ್ನ ಕೈ ನೀನೇ ರಿಪೇರಿ ಮಾಡ್ಕೋಬಹುದು."

"ನನ್ನ ಕೈಗಲ್ಲ ಮಾಮ" ಎಂದಳು ಯಾಕಮ್ಮ. "ಇಲಿ... ದಾರಿನ ಹೇಗೆ... ನೆನಪಿಟ್ಕೊಳ್ಳುತ್ತೆ ಅಂತ ನೋಡೋಕೆ."

"ಅಯ್ಯೋ, ಇಲಿಗೆ ನಮ್ಮ ಅಡುಗೆಮನೆ ದಾರಿ ಗೊತ್ತಿರೋದೇ ಕಷ್ಟ ಆಗಿರೋದು! ಮರೆಸೋದು ಹೇಗೆ ಅಂತ ಕಂಡುಹಿಡಿ ಮಗಳೇ, ಪುಣ್ಯ ಬರುತ್ತೆ."

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ನಕ್ಕ ಮೇಲೆ ನಾನು ನೋಡುತ್ತಿದ್ದಂತೆ ಅವಳ ಮುಖ ಸಣ್ಣಗಾಯಿತು. ಯಾರು ಸಿಕ್ಕಿದರೂ ಅವಳ ಕೈ ರಿಪೇರಿಯ ಮಾತನ್ನೇ ಆಡುತ್ತಿದ್ದರು. ಅವಳಿಗೆ ಪ್ರಪಂಚದ ಬಗ್ಗೆ ಕುತೂಹಲ ಇರಬಹುದು ಎಂದು ಯಾರಿಗೂ ತೋಚುತ್ತಿರಲಿಲ್ಲ. ತನ್ನ ಕೈಕಾಲಿನ ಆಚೆಗೆ ಅವಳು ಯೋಚಿಸುತ್ತಾಳೆ ಎಂದೇ ಅವರಿಗೆ ಅನ್ನಿಸುತ್ತಿರಲಿಲ್ಲ.

ನಮ್ಮ ಅಂಗಡಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಅದನ್ನು ನಡೆಸುವವಳನ್ನೂ ನಾವು ಜೆರಾಕ್ಸ್ ಎಂದೇ ಕರೆಯುತ್ತೇವೆ. ಅವಳಿಗೆ ಕಿವಿ ಕೇಳಿಸುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾಳೆ. ಗಿರಾಕಿಗಳು ಗೊಣಗಿದರೆ, "ಬೆನ್ನಿಗೆ ಬೈದ್ರೆ ನಂಗೆ ತಲುಪಲ್ಲ ಸ್ವಾಮಿ, ಮುಖ ನೋಡಿ ಬೈಯಿರಿ" ಎನ್ನುತ್ತಾಳೆ. ಅವಳೂ ಒಂದು ಕಾಲಕ್ಕೆ ಅದೇ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿ, ಅರ್ಧಕ್ಕೆ ಬಿಟ್ಟು ಬಂದವಳು. ಯಾಕೆ ಬಿಟ್ಟೆ ಎಂದರೆ, "ಮಿಷನ್ ಬಿಸಿಯಾಗಿದೆ, ಆಮೇಲೆ ಬನ್ನಿ" ಎಂದು ಮಾತು ಹಾರಿಸುತ್ತಿದ್ದಳು.

ಅವಳಿಗೂ ಯಾಕಮ್ಮನಿಗೂ ಬಹಳ ಸ್ನೇಹ. ಒಬ್ಬಳಿಗೆ ಕೇಳಿಸುವುದಿಲ್ಲ, ಇನ್ನೊಬ್ಬಳಿಗೆ ಮಾತು ಬೇಗ ಹೊರಡುವುದಿಲ್ಲ. ಆದರೂ ಬೀದಿಯಲ್ಲಿ ಅವರಿಬ್ಬರಷ್ಟು ಚೆನ್ನಾಗಿ ಮಾತಾಡಿಕೊಳ್ಳುವವರನ್ನು ನಾನು ಕಂಡಿಲ್ಲ. ಇಬ್ಬರಿಗೂ ಕಾಯುವುದು ಗೊತ್ತಿತ್ತು. ನಾವು ಉಳಿದವರು ಯಾಕಮ್ಮನ ಮಾತನ್ನು ಮಧ್ಯದಲ್ಲೇ ಹಿಡಿದು ನಾವೇ ಮುಗಿಸಿಬಿಡುತ್ತಿದ್ದೆವು.

ಸೇರುವ ಮೊದಲೇ ಜೆರಾಕ್ಸ್ ಎಚ್ಚರಿಸಿದಳು. "ಮೊದಲ ದಿನವೇ ಕೇಳು. ನಿಂಗೆ ಏನು ಬೇಕು ಅಂತ ಬಾಯಲ್ಲೂ ಹೇಳು, ಬರೆದೂ ಕೊಡು. ನಮ್ಮಂಥವರಿಗೆ ಅಂತಲೇ ಯೂನಿವರ್ಸಿಟೀಲಿ ಒಂದು ಕಚೇರಿ ಇದೆ. ಮೊದಲು ಅಲ್ಲಿಗೆ ಹೋಗು."

"ಏನು ಕೇಳಲಿ?"

"ನಿನ್ನ ಕೈ ವಿಷಯ ನಂಗೇನು ಗೊತ್ತೇ? ಮೊಣಕೈ ಊರೋಕೆ ಎತ್ತರದ ಮೇಜು ಬೇಕಾ? ದಪ್ಪ ಹಿಡಿ ಇರೋ ಕುಂಚ ಬೇಕಾ? ಹೆಚ್ಚು ಹೊತ್ತು ಬೇಕಾ? ನೀನೇ ಯೋಚನೆ ಮಾಡಿ ಕೇಳು. ಭಿಕ್ಷೆ ಅಂತ ಅಂದ್ಕೋಬೇಡ. ಕನ್ನಡಕ ಹಾಕ್ಕೊಂಡು ಪರೀಕ್ಷೆ ಬರೆದವನಿಗೆ ಯಾರಾದ್ರೂ ಭಿಕ್ಷುಕ ಅಂತಾರಾ?"

ನನ್ನ ತಂಗಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಸೀಟು ಕೊಟ್ಟಿದ್ದೇ ದೊಡ್ಡದು ಕಣಮ್ಮ. ಹೋದ ದಿನವೇ ಅದು ಬೇಕು ಇದು ಬೇಕು ಅಂದ್ರೆ, ಕೂರೋಕೆ ಜಾಗ ಕೊಟ್ರೆ ಕಾಲು ಚಾಚಿದಳು ಅಂತಾರೆ. ಇವಳು ತೆಪ್ಪಗೆ ಓದ್ಕೊಂಡು ಬರಲಿ."

ಯಾಕಮ್ಮ ಅಮ್ಮನ ಮಾತನ್ನೇ ಕೇಳಿದಳು. ತೊಂದರೆಯವಳು ಎಂದು ಹೆಸರು ಪಡೆಯಲು ಅವಳಿಗೂ ಇಷ್ಟವಿರಲಿಲ್ಲ. ಆ ಕಚೇರಿಗೆ ಹೋಗಲಿಲ್ಲ.

ಲ್ಯಾಬಿನಲ್ಲಿ ಅವಳು ಕಲಿಯಬೇಕಾದ ಮೊದಲ ಕೆಲಸ ಹೀಗಿತ್ತು. ಸತ್ತ ಇಲಿಯ ಮೆದುಳನ್ನು ಒಂದು ಯಂತ್ರ ತೆಳ್ಳಗೆ ಕೊಯ್ಯುತ್ತದೆ. ಆ ತುಂಡು ಈರುಳ್ಳಿಯ ಒಳಪೊರೆಗಿಂತ ತೆಳು. ಅದನ್ನು ತಟ್ಟೆಯ ನೀರಿನಲ್ಲಿ ತೇಲಿಬಿಡುತ್ತಾರೆ. ಸಣ್ಣ ಕುಂಚದ ತುದಿಯಿಂದ ಎತ್ತಿ, ಮಡಿಕೆ ಬೀಳದಂತೆ, ಹರಿಯದಂತೆ ಗಾಜಿನ ಮೇಲೆ ಹಾಸಬೇಕು. ಇದು ಬಾರದಿದ್ದರೆ ಮುಂದಿನ ಯಾವ ಪ್ರಯೋಗವೂ ಇಲ್ಲ.

ಮೊದಲ ಸಲ ಅವಳ ಕುಂಚ ತುಂಡನ್ನು ಹರಿಯಿತು. ಪಕ್ಕದ ಮೇಜಿನ ಸಹಪಾಠಿ ಬಹಳ ಒಳ್ಳೆಯವನು. "ಪಾಪ, ಬಿಡು ನೀನು, ನಾನು ಮಾಡಿಕೊಡ್ತೀನಿ" ಎಂದು ಕುಂಚ ಇಸಿದುಕೊಂಡ.

ಅವಳು ಮನೆಗೆ ಬಂದು ನನ್ನ ಅಂಗಡಿಯಲ್ಲಿ ಕೂತಳು. ನನ್ನ ಇಸ್ತ್ರಿ ಮೇಜು ಎತ್ತರದ್ದು, ಗಟ್ಟಿಯಾದದ್ದು. ಅಂಚಿಗೆ ಮೊಣಕೈ ಒತ್ತಿ ನೋಡಿದಳು. "ದೊಡ್ಡಮ್ಮ, ಸಂಜೆ... ಈ ಮೂಲೆ ನಂಗೆ ಕೊಡ್ತೀಯಾ?"

ಕೊಟ್ಟೆ. ಅವಳು ಈರುಳ್ಳಿ ಸುಲಿದು ಒಳಪೊರೆ ತೆಗೆದು ತಟ್ಟೆಯ ನೀರಿನಲ್ಲಿ ತೇಲಿಸಿದಳು. ಕುಂಚದ ಹಿಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು. ಮೊಣಕೈ ಊರಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಆ ಉಸಿರು ನಿಂತ ಗಳಿಗೆಯಲ್ಲಿ ಎತ್ತುತ್ತಿದ್ದಳು. ಹರಿಯುತ್ತಿತ್ತು. ಮತ್ತೆ ಸುಲಿಯುತ್ತಿದ್ದಳು. ನಮ್ಮ ಮನೆಯಲ್ಲಿ ಆ ಕಾಲದಲ್ಲಿ ತಿಂದಷ್ಟು ಈರುಳ್ಳಿಯನ್ನು ಇನ್ನೆಂದೂ ತಿಂದಿಲ್ಲ. ಗಿರಾಕಿಯೊಬ್ಬ, "ಏನಮ್ಮಾ, ನನ್ನ ಅಂಗಿ ಒಗ್ಗರಣೆ ವಾಸನೆ ಹೊಡೀತಿದೆ, ಆಫೀಸಿಗೆ ಹೋಗಲೋ ಊಟಕ್ಕೆ ಹೋಗಲೋ?" ಎಂದು ಕೇಳಿದ.

ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಪೊರೆ ಹರಿಯುವುದು ನಿಂತಿತು. ನಿಧಾನ, ಬಹಳ ನಿಧಾನ. ಆದರೆ ಹಾಸಿದರೆ ಗಾಜಿಗೆ ಅಂಟಿಸಿದ ಹಾಗೆ.

ಒಂದೇ ಕಷ್ಟ ಉಳಿದಿತ್ತು. ಇಂಥ ಮಕ್ಕಳಿಗೆ ಬೆಚ್ಚುವುದು ಜಾಸ್ತಿ. ಇದ್ದಕ್ಕಿದ್ದಂತೆ ಶಬ್ದವಾದರೆ ಕೈ ತಾನಾಗಿ ಹಾರುತ್ತದೆ. ಅದು ಭಯವಲ್ಲ, ನರದ ಗುಣ. ಒಂದು ಸಂಜೆ ಅವಳು ಪೊರೆಯನ್ನು ಕುಂಚದ ತುದಿಯಲ್ಲಿ ಎತ್ತಿ ಹಿಡಿದಿದ್ದಾಗ ತಂಗಿ ಮೆಟ್ಟಿಲಿಳಿದು ಬಂದಳು. ಮಗಳ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತಿರುವುದನ್ನು ನೋಡಿದಳು. "ಹುಷಾರು!" ಎಂದು ಚೀರಿದಳು.

ಕೈ ಹಾರಿತು. ತಟ್ಟೆ ನೆಲಕ್ಕೆ ಬಿತ್ತು. ನೀರೆಲ್ಲ ಮಡಿಸಿಟ್ಟ ಬಟ್ಟೆಯ ಮೇಲೆ ಚೆಲ್ಲಿತು.

"ನೋಡಿದ್ಯಾ ಅಕ್ಕ?" ಎಂದಳು ತಂಗಿ. "ನಾನು ಹೇಳ್ಲಿಲ್ವಾ? ಇವಳ ಕೈಲಿ ಆಗಲ್ಲ."

"ನೀನು ಬರೋ ತನಕ ಆಗ್ತಿತ್ತು ಕಣೇ" ಎಂದೆ. ಅವಳು ಅದನ್ನು ತಮಾಷೆ ಎಂದುಕೊಂಡಳು.

ಲ್ಯಾಬಿನಲ್ಲಿಯೂ ಅದೇ ನಡೆಯಿತು. ಅವಳು ಕುಂಚ ಹಿಡಿದರೆ ಸಾಕು, ಸುತ್ತಲಿನವರೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಯಾರಾದರೊಬ್ಬರು "ಹುಷಾರು" ಎನ್ನುತ್ತಿದ್ದರು. ಒಂದು ದಿನ ಆ ಮಾತಿಗೆ ಅವಳ ಕೈ ಹಾರಿ ಗಾಜು ಒಡೆದು ಬೆರಳು ಕೊಯ್ದಿತು. ಬೆರಳಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ತಂಗಿ ಆ ಬಟ್ಟೆ ಬಿಚ್ಚಿ, ಬೆರಳು ತೊಳೆದು, ಮತ್ತೆ ಕಟ್ಟಿದಳು.

ಈಗ ಹೇಳುವುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ತಂಗಿ ಒಬ್ಬಳೇ ಹೋಗಿ ಮಗಳ ಗೈಡನ್ನು, ಎಂದರೆ ಪಿಎಚ್‌ಡಿ ಮಾಡಿಸುವ ಪ್ರೊಫೆಸರನ್ನು, ಕಂಡಳು. ಕೈ ಮುಗಿದು ಹೇಳಿದಳು, "ಸಾರ್, ನಮ್ಮ ಹುಡುಗಿಗೆ ಹುಷಾರಿಲ್ಲ. ನಿಮಗೇ ಗೊತ್ತಿದೆ. ಕೈ ಕೆಲಸ ಅವಳಿಂದ ಆಗಲ್ಲ. ಪಾಪ, ಕೂತ್ಕೊಂಡು ಮಾಡೋದು ಏನಾದ್ರೂ ಕೊಡಿ. ನಾನು ಬಂದಿದ್ದೆ ಅಂತ ಮಾತ್ರ ಹೇಳಬೇಡಿ."

ಪ್ರೊಫೆಸರೂ ಒಳ್ಳೆಯವರೇ. ಕೂರಿಸಿ ಟೀ ತರಿಸಿಕೊಟ್ಟರಂತೆ. "ನೀವು ಹೇಳಿದ್ದು ಒಳ್ಳೇದಾಯ್ತು. ನಾನೂ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ" ಎಂದರಂತೆ.

ಅಲ್ಲಿಂದ ಯಾಕಮ್ಮನಿಗೆ ಕಿಟಕಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಕೊಟ್ಟರು. ಬೇರೆಯವರು ಕೊಯ್ದು ಹಾಸಿದ ತುಂಡುಗಳ ಚಿತ್ರ ನೋಡುವುದು ಅವಳ ಕೆಲಸವಾಯಿತು. ಪ್ರಯೋಗ ಅವಳ ತಲೆಯಲ್ಲಿ ಹುಟ್ಟುತ್ತಿತ್ತು. ಕೈಯಿಂದ ಮಾಡುವವನು ಪಕ್ಕದ ಮೇಜಿನವನು. "ನಾನೇ ಮಾಡ್ತೀನಿ, ಸ್ವಲ್ಪ ಹೊತ್ತು ಕೊಡಿ" ಎಂದು ಅವಳು ಹೇಳಲು ಶುರುಮಾಡಿದರೆ, ಮಾತು ಮುಗಿಯುವ ಮೊದಲೇ "ಪರವಾಗಿಲ್ಲ, ನೀನು ಆಯಾಸ ಮಾಡ್ಕೋಬೇಡ" ಎಂದು ಅವಳ ಮಾತನ್ನು ಅವರೇ ಮುಗಿಸುತ್ತಿದ್ದರು. ಸಂಜೆ ಹೊತ್ತು ಈರುಳ್ಳಿ ಸುಲಿಯುವುದನ್ನು ಅವಳು ನಿಲ್ಲಿಸಿದಳು.

ತಂಗಿ ಮಾತ್ರ ನೆಮ್ಮದಿಯಾಗಿದ್ದಳು. "ನೋಡಕ್ಕ, ಎಷ್ಟು ಒಳ್ಳೇ ಜನ. ಒಂದು ಕಡ್ಡಿ ಎತ್ತಿಡೋಕೆ ಬಿಡಲ್ಲವಂತೆ."

ವರ್ಷದ ಕೊನೆಗೆ ಪರಿಶೀಲನೆ ಬಂತು. ಪಿಎಚ್‌ಡಿ ಮುಂದುವರಿಸಬೇಕೋ ಬೇಡವೋ ಎಂದು ದೊಡ್ಡವರ ಸಮಿತಿ ತೀರ್ಮಾನ ಮಾಡುವ ದಿನ ಅದು. ಅಲ್ಲಿ ನಡೆದದ್ದನ್ನು ಯಾಕಮ್ಮ ಹೇಳಿದ ಹಾಗೆಯೇ ಬರೆಯುತ್ತೇನೆ.

ಸಮಿತಿಯಲ್ಲಿದ್ದ ಹೆಂಗಸೊಬ್ಬರು ಚಿತ್ರಗಳನ್ನು ನೋಡಿ ಮೆಚ್ಚಿಕೊಂಡರು. ಆಮೇಲೆ ಕೇಳಿದರು, "ಈ ತುಂಡುಗಳನ್ನ ಕೊಯ್ದು ಹಾಸಿದವರು ಯಾರು?"

ಯಾಕಮ್ಮ ಸಹಪಾಠಿಯ ಹೆಸರು ಹೇಳಿದಳು.

"ಇದನ್ನ?"

ಅವನದೇ ಹೆಸರು.

"ಹಾಗಾದ್ರೆ ನೀವು ಕೈಯಾರೆ ಮಾಡಿದ್ದು ಏನು?"

ಅವಳು ಹೇಳಲು ಹೊರಟಳು. ಮಾತು ಇನ್ನೂ ಗಂಟಲಲ್ಲಿತ್ತು. ಅಷ್ಟರಲ್ಲಿ ಗೈಡೇ ಅವಳ ಪರವಾಗಿ, ಬಹಳ ಮೆತ್ತಗೆ ಹೇಳಿದರು, "ಹುಡುಗಿ ತುಂಬಾ ಹುಷಾರು. ಆದ್ರೆ ಹುಷಾರಿಲ್ಲ. ಕೈ ಕೆಲಸ ಕೊಡಬೇಡಿ ಅಂತ ಅವರ ತಾಯಿಯವರೇ ಬಂದು ಕೇಳ್ಕೊಂಡಿದ್ರು."

ಹುಷಾರು ಎನ್ನುವ ಒಂದೇ ಮಾತು. ಒಂದು ಸಲ ಹೊಗಳಿಕೆ, ಒಂದು ಸಲ ಕಾಯಿಲೆ, ಒಂದು ಸಲ ಎಚ್ಚರಿಕೆ. ಮೂರೂ ಸೇರಿ ಅವಳನ್ನು ಹೊರಗೆ ದೂಡಲು ನಿಂತವು. ಇಲ್ಲಿಗೇ ನಿಲ್ಲಿಸೋಣ, ಒಂದು ಪ್ರಮಾಣಪತ್ರ ಕೊಟ್ಟು ಗೌರವದಿಂದ ಕಳಿಸೋಣ ಎಂದಿತು ಸಮಿತಿ. ಕೊನೆಯ ತೀರ್ಮಾನಕ್ಕೆ ಮುಂದಿನ ಸಭೆಯ ತನಕ ಸಮಯವಿತ್ತು.

ಅವಳು ಮನೆಗೆ ಬಂದಾಗ ತಂಗಿ ನನ್ನ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಯಾಕಮ್ಮ ಬಾಗಿಲಲ್ಲೇ ಕೋಲೂರಿ ನಿಂತಳು. ಒಂದೇ ಮಾತು ಕೇಳಿದಳು. "ಯಾಕಮ್ಮಾ?"

ಬೀದಿಯೆಲ್ಲ ಅವಳನ್ನು ಕರೆಯುತ್ತಿದ್ದ ಹೆಸರದು. ಆ ದಿನ ಅವಳ ಬಾಯಿಂದ ಬಂದಾಗ ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಭಾರವಾಯಿತು.

ತಂಗಿಗೆ ಅರ್ಥವಾಯಿತು. "ನಿನ್ನ ಒಳ್ಳೇದಕ್ಕೇ ಕಣೇ. ನಿನ್ನ ಬೆರಳಿನ ರಕ್ತ ನೋಡೋಕೆ ಆಗಲಿಲ್ಲ ನನ್ನಿಂದ."

"ಎಲ್ಲರೂ... ನನ್ನ ಒಳ್ಳೇದಕ್ಕೇ ಮಾಡ್ತೀರಿ" ಎಂದಳು ಯಾಕಮ್ಮ. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ. "ಕೆಟ್ಟದ್ದು ಮಾಡೋರು... ಒಬ್ಬರಾದ್ರೂ ಇದ್ದಿದ್ರೆ... ಜಗಳ ಆಡಬಹುದಿತ್ತು. ಒಳ್ಳೆಯವರ ಹತ್ರ... ಹೇಗೆ ಜಗಳ ಆಡಲಿ? ಟೀ ಕೊಡ್ತಾರೆ."

ಆಮೇಲೆ ಸಮಿತಿ ಹೇಳಿದ್ದನ್ನೂ ಹೇಳಿದಳು. ತಂಗಿ ಮುಖ ಗಂಟಿಕ್ಕಿದಳು. "ಹೋದ್ರೆ ಹೋಗಲಿ ಬಿಡು. ಆ ಇಲಿ, ಆ ಗಾಜು. ಗೌರವವಾಗಿ ಕಳಿಸ್ತಾರಂತಲ್ಲ."

"ಗೌರವವಾಗಿ ಕಳಿಸೋದು ಅಂದ್ರೂ... ಕಳಿಸೋದೇ."

ಎದುರಿನ ಬಾಗಿಲಲ್ಲಿ ನಿಂತಿದ್ದ ಜೆರಾಕ್ಸ್ ತಂಗಿಯ ತುಟಿ ಓದಿದ್ದಳು. ಬೀದಿ ದಾಟಿ ಬಂದು ತಂಗಿಯ ಎದುರಿಗೆ ಕೂತಳು. "ನಾನು ಯಾಕೆ ಓದು ಬಿಟ್ಟೆ ಅಂತ ಕೇಳ್ತಿದ್ರಲ್ಲ ಆಂಟಿ. ಈಗ ಕೇಳಿ."

"ಕಿವಿ ಕೇಳಿಸಲ್ವಲ್ಲ, ಅದಕ್ಕೆ ಕಷ್ಟ ಆಗಿರಬೇಕು..."

"ನೋಡಿ, ನನ್ನ ಉತ್ತರಾನೂ ನೀವೇ ಹೇಳ್ತಿದ್ದೀರಿ." ಅವಳು ನಕ್ಕಳು. ಅದು ನಗೆಯಾಗಿರಲಿಲ್ಲ. "ಕಿವಿ ಕೇಳಿಸದೇ ಇದ್ರೂ ಎಂ.ಎಸ್ಸಿ. ತನಕ ಓದಿದ್ದೆ. ನಮ್ಮ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಮಾತಾಡ್ತಿದ್ರು. ನಂಗೆ ಅವರ ಬೆನ್ನು ಕಾಣ್ತಿತ್ತು. ಬೆನ್ನಿಗೆ ತುಟಿ ಇರಲ್ಲ. ಸಾರ್, ಸ್ವಲ್ಪ ಈ ಕಡೆ ತಿರುಗಿ ಅಂತ ಒಂದು ಮಾತು ಹೇಳೋಕೆ ನಾಚಿಕೆ. ಮನೇಲಿ ಅಮ್ಮ, ಅಷ್ಟು ಕಷ್ಟಪಟ್ಟು ಯಾಕೆ ಓದ್ತೀಯ, ಬಿಡು ಮಗಳೇ ಅಂದ್ರು. ಪ್ರೀತಿಯಿಂದ ಅಂದ್ರು. ಬಿಟ್ಟೆ. ಎಲ್ಲರಿಗೂ ಸಮಾಧಾನ ಆಯ್ತು. ನಾನೊಬ್ಬಳೇ ಇನ್ನೂ ಸಮಾಧಾನ ಆಗದೇ ಉಳಿದಿರೋದು."

"ಈಗ ನಿಮಗೆಲ್ಲ ವಿಶೇಷಚೇತನರು ಅಂತ ಹೆಸರಿಟ್ಟು ಗೌರವ ಕೊಡ್ತಾರಲ್ಲಮ್ಮ" ಎಂದಳು ತಂಗಿ, ಸೋತ ದನಿಯಲ್ಲಿ.

"ಹೆಸರು ಬದಲಾಯಿಸಿದ್ರು ಆಂಟಿ. ಮೆಟ್ಟಿಲು ಹಾಗೇ ಇದೆ."

ಯಾಕಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಈರುಳ್ಳಿ ತಂದಳು. ತಟ್ಟೆಗೆ ನೀರು ಹಾಕಿದಳು. ಎಷ್ಟೋ ತಿಂಗಳಾಗಿತ್ತು. ಕುಂಚಕ್ಕೆ ಸುತ್ತಿದ ಬನಿಯನ್ ಬಟ್ಟೆ ಹಾಗೇ ಇತ್ತು. "ಅಮ್ಮಾ, ಕೂತ್ಕೋ. ನೋಡು. ಮಾತಾಡಬೇಡ."

ತಂಗಿ ಕೂತಳು. ಯಾಕಮ್ಮ ಮೊಣಕೈಗಳನ್ನು ಮೇಜಿನ ಅಂಚಿಗೆ ಒತ್ತಿದಳು. ಉಸಿರು ಹೊರಗೆ ಬಿಟ್ಟಳು. ಕುಂಚ ನೀರಿಗಿಳಿಯಿತು. ಪೊರೆ ಒಂದು ಸಲ ಜಾರಿತು. ತಂಗಿಯ ಬಾಯಿ ತೆರೆಯಿತು. ನಾನು ನೋಡುತ್ತಲೇ ಇದ್ದೆ: ಅವಳು ಎರಡೂ ಕೈಯಿಂದ ತನ್ನ ಬಾಯಿಯನ್ನು ಒತ್ತಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬರುತ್ತಿತ್ತು, ಸದ್ದು ಬರಲಿಲ್ಲ. ಪೊರೆ ಮೇಲೆದ್ದಿತು. ಗಾಜಿನ ಮೇಲೆ ಒಂದು ಅಂಚು ತಾಗಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಅಂಚು. ಮಡಿಕೆ ಇಲ್ಲ, ಹರಿದಿಲ್ಲ.

ತಂಗಿ ಬಾಯಿಂದ ಕೈ ತೆಗೆದಳು. "ಇದು ಮೊದಲಿಂದ ಬರ್ತಿತ್ತಾ ನಿಂಗೆ?"

"ನೀನು... ಹುಷಾರು ಅನ್ನದೇ ಇದ್ದಾಗೆಲ್ಲ."

ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದ್ದ. ಅಂದು ಅವನೂ ತಮಾಷೆ ಮಾಡಲಿಲ್ಲ.

ಮರುದಿನ ನಾವು ಅಂಗವಿಕಲ ವಿದ್ಯಾರ್ಥಿಗಳ ಕಚೇರಿಗೆ ಹೋದೆವು. ಅದು ಕಟ್ಟಡದ ಮೇಲಿನ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಕೋಲು, ಎಡಗಾಲು, ಬಲಗಾಲು ಎಂದು ಯಾಕಮ್ಮ ಹತ್ತಿದಳು. ತಂಗಿ ಹಿಂದೆ ಬಂದಳು, ಮುಟ್ಟಲಿಲ್ಲ.

ಕಚೇರಿಯ ಹೆಂಗಸು ಯಾಕಮ್ಮನನ್ನು ಬಿಟ್ಟು ತಂಗಿಯನ್ನು ನೋಡಿ ಕೇಳಿದಳು, "ಇವರಿಗೆ ಏನು ಬೇಕಂತೆ?"

ತಂಗಿಯ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು. ನುಂಗಿಕೊಂಡಳು. "ಅವಳನ್ನೇ ಕೇಳಿ. ಕೇಳಿ ಸ್ವಲ್ಪ ಕಾಯಿರಿ. ಹೇಳ್ತಾಳೆ."

ಯಾಕಮ್ಮ ಹೇಳಿದಳು. ಎತ್ತರದ ಮೇಜು. ದಪ್ಪ ಹಿಡಿಯ ಕುಂಚ. ಹೆಚ್ಚು ಹೊತ್ತು. ಕೆಲಸ ಮಾಡುವಾಗ ಸುತ್ತಲೂ ಯಾರೂ ಮಾತಾಡದ ಒಂದು ಮೂಲೆ. ತೀರಾ ಆಗದ ಕೆಲಸಕ್ಕೆ ಒಬ್ಬ ಸಹಾಯಕ. ಆದರೆ ಅವನು ತಾನು ಹೇಳಿದಷ್ಟನ್ನೇ ಮಾಡಬೇಕು, ಅದು ತನ್ನ ಕೆಲಸ ಎಂದೇ ಎಣಿಕೆಯಾಗಬೇಕು. ಹೇಳಿ ಮುಗಿಸಲು ಹೊತ್ತಾಯಿತು. ಆ ಹೆಂಗಸು ಬರೆದುಕೊಂಡಳು. ಬರೆದು ಕೇಳಿದಳು, "ಇಷ್ಟೇನಾ? ಇದನ್ನ ಸೇರಿದ ದಿನವೇ ಯಾಕೆ ಕೇಳಲಿಲ್ಲ? ಆಗಲೇ ಕೊಡ್ತಿದ್ವಲ್ಲ."

ಯಾಕಮ್ಮ, "ನೀವೂ... ಕೇಳಲಿಲ್ಲ" ಎಂದಳು.

ಸಮಿತಿ ಮತ್ತೆ ಸೇರಿತು. ಅವಳು ಅವರ ಎದುರಿಗೇ, ಮಾತಿಲ್ಲದ ಕೋಣೆಯಲ್ಲಿ, ತುಂಡು ಎತ್ತಿ ಹಾಸಿ ತೋರಿಸಿದಳು. ಸೀಟು ಉಳಿಯಿತು. ಮೇಜು ಬಂತು. ಕುಂಚ ಬಂತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಹೇಳಲು ನನಗೂ ಆಸೆ. ಆದರೆ ಇಲಿ ಮತ್ತು ದಾರಿಯ ಕೆಲಸ ಅಷ್ಟರಲ್ಲಿ ಪಕ್ಕದ ಮೇಜಿನವನ ಪಾಲಾಗಿತ್ತು. ಕೈ ಅವನದು ತಾನೇ. ಅವನು ಬಂದು, "ನಂಗೆ ಬೇಜಾರಾಗಿದೆ" ಎಂದು ಪ್ರಾಮಾಣಿಕವಾಗಿಯೇ ಹೇಳಿದನಂತೆ. ಯಾಕಮ್ಮನಿಗೆ ಹೊಸ ವಿಷಯ ಕೊಟ್ಟರು: ಕ್ರಮ ತಪ್ಪಿದ ಕೈಗಳಿಗೆ ಮೆದುಳಿನಿಂದ ಅಪ್ಪಣೆ ಹೇಗೆ ಹೋಗುತ್ತದೆ ಎಂಬುದು. "ನಿನಗೆ ಇದೇ ಸರಿಹೊಂದುತ್ತೆ" ಎಂದರಂತೆ ಪ್ರೊಫೆಸರು. ಒಂದು ವರ್ಷ ಹೋಯಿತು. ಅದರ ಜೊತೆಗೆ, ಅಪ್ಪನ ತಲೆ ಮುಟ್ಟಿ ಕೇಳಿದ್ದ ಆ ಪ್ರಶ್ನೆಯೂ ಹೋಯಿತು.

"ಕೊನೆಗೂ ಕ್ಷೌರದ ಮಾಮ... ಹೇಳಿದ್ದೇ ಆಯ್ತು ದೊಡ್ಡಮ್ಮ" ಎಂದಳು ನನಗೆ. "ನನ್ನ ಕೈನೇ ರಿಪೇರಿ ಮಾಡ್ಕೋ ಅಂದ್ರು."

ಈಗಲೂ ದಿನ ಬೆಳಗಾದರೆ ಅವಳು ಮೆಟ್ಟಿಲಿಳಿದು ಬಸ್ಸಿಗೆ ಹೊರಡುತ್ತಾಳೆ. ತಂಗಿ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಳ್ಳುತ್ತಾಳೆ. ಯಾಕಮ್ಮ ತಿರುಗಿ ನೋಡದೆಯೇ, "ಹೇಳಿಬಿಡು ಅಮ್ಮ... ಹೊಟ್ಟೆ ಉಬ್ಬರಿಸೀತು" ಎನ್ನುತ್ತಾಳೆ.

"ಏನಿಲ್ಲ. ಹೋಗಿ ಬಾ" ಎನ್ನುತ್ತಾಳೆ ತಂಗಿ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ಮೇಷ್ಟ್ರುಗಳೇ, ನಿಮ್ಮ ಮನೆಯಲ್ಲಿ, ನಿಮ್ಮ ತರಗತಿಯಲ್ಲಿ ಇಂಥ ಒಬ್ಬರು ಓದಲು ಹೊರಟಿದ್ದರೆ ಕೈ ಹಿಡಿಯುವ ಮೊದಲು ಕೇಳಿ, ಏನು ಬೇಕು ಎಂದು. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಿರಿ. ಅವರ ಮಾತನ್ನು ನೀವು ಮುಗಿಸಬೇಡಿ, ಅವರ ಕೆಲಸವನ್ನೂ ನೀವು ಮುಗಿಸಬೇಡಿ. ಅವರಿಗೆ ತಿಳಿಸದೆ, ಅವರ ಪರವಾಗಿ ಎಲ್ಲಿಗೂ ಹೋಗಿ ಕೈ ಮುಗಿಯಬೇಡಿ. ಓದುವ ಮಕ್ಕಳೇ, ನೀವು ನಾಚಿಕೊಳ್ಳಬೇಡಿ. ಸೇರಿದ ದಿನವೇ ಕೇಳಿ, ಬರೆದು ಕೇಳಿ. ಅಂಥ ಕಚೇರಿ ಇದ್ದರೆ ಮೆಟ್ಟಿಲಿದ್ದರೂ ಹತ್ತಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.

ತಡಮಾಡಿದರೆ ಏನಾಗುತ್ತದೆ ಎಂದು ನೋಡಬೇಕೆಂದಿದ್ದರೆ ನಮ್ಮ ಬೀದಿಗೆ ಬನ್ನಿ. ನನ್ನ ಅಂಗಡಿಯ ಎದುರಿಗೆ ಒಬ್ಬಳು ಬೆಳಗಿನಿಂದ ಸಂಜೆಯ ತನಕ ಬೇರೆಯವರ ಪಿಎಚ್‌ಡಿ ಪ್ರಬಂಧಗಳನ್ನು ಜೆರಾಕ್ಸ್ ಮಾಡಿ ಕೊಡುತ್ತಿರುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಮೇಷ್ಟ್ರು ಬೋರ್ಡು ಬಿಟ್ಟು ಒಂದಿಷ್ಟು ಈ ಕಡೆ ತಿರುಗಬೇಕಿತ್ತು.